ಕೆಂಪು ಶಾಯಿಯ ಹೆಸರುಗಳು

ಐಸ್ ಹಾಕಿಯ ಗಂಧಗಾಳಿಯೂ ನನಗಿಲ್ಲ. ಆದರೂ ಆ ಆಟದ ಒಬ್ಬ ಹಿರಿಯರ ನೋಟ್‌ಬುಕ್ಕುಗಳನ್ನು ನಮ್ಮ ಸಾಫ್ಟ್‌ವೇರಿಗೆ ಏರಿಸುವ ಕೆಲಸ ನನ್ನ ಪಾಲಿಗೆ ಬಂತು. ಒಂದು ತಂಡಕ್ಕಾಗಿ ಊರೂರು ಸುತ್ತಿ ಒಳ್ಳೆಯ ಆಟಗಾರರನ್ನು ಹುಡುಕುತ್ತಿದ್ದವರು, ಕೊನೆಗೆ ಆ ತಂಡದ ಮ್ಯಾನೇಜರೇ ಆಗಿ ರಿಟೈರಾದವರು ಅವರು. ಮೌಂಟನ್ ವ್ಯೂ ಊರಿನ ನಮ್ಮ ಆಫೀಸಿನಲ್ಲಿ ಅವರು ಓದುತ್ತಾ ಹೋದರು, ನಾನು ಟೈಪ್ ಮಾಡುತ್ತಾ ಹೋದೆ.

ಕೆಲವು ಹೆಸರುಗಳ ಪಕ್ಕ ಕೆಂಪು ಶಾಯಿಯಲ್ಲಿ ಏನೋ ಬರೆದಿತ್ತು.

"ಇವರೆಲ್ಲ ನೀವು ಆರಿಸಿದವರಾ?" ಎಂದೆ.

"ಅಲ್ಲ, ನಾನು ಬೇಡ ಅಂದವರು. ಆಮೇಲೆ ಬೇರೆ ತಂಡ ಸೇರಿ ದೊಡ್ಡ ಆಟಗಾರರಾದರು. ಯಾರು ಏನಾದರು ಅಂತ ಪ್ರತಿ ವರ್ಷ ಹುಡುಕಿ ಬರೆದುಕೊಳ್ಳುತ್ತಿದ್ದೆ."

"ಹಾಗಾದರೆ ಇವರನ್ನು ಬಿಟ್ಟುಬಿಡೋಣವಾ?" ಅವರ ಮರ್ಯಾದೆ ಉಳಿಸುತ್ತಿದ್ದೇನೆ ಅಂದುಕೊಂಡು ಕೇಳಿದೆ.

ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಮೊದಲು ಇವರನ್ನೇ ಸೇರಿಸಿ. ಈ ಹುಡುಗನನ್ನು ಸ್ಕೇಟಿಂಗ್ ನಿಧಾನ ಅಂತ ಬಿಟ್ಟೆ. ಆವತ್ತು ಅವನಿಗೆ ಜ್ವರ ಇತ್ತಂತೆ. ನಾನು ಕೇಳಲೇ ಇಲ್ಲ."

ನಾನು ಆ ಹೆಸರನ್ನೇ ಮೊದಲು ಟೈಪ್ ಮಾಡಿದೆ. ನಮ್ಮ ಆಫೀಸಿಗೆ ಕೆಲಸ ಕೇಳಿಕೊಂಡು ಬರುವವರ ಇಂಟರ್‌ವ್ಯೂ ಮಾಡುವವನು ನಾನೇ. ಹಿಂದಿನ ವಾರವಷ್ಟೇ, ಉತ್ತರ ಹೇಳಲು ತಡವರಿಸಿದಳೆಂದು ಒಬ್ಬಳನ್ನು ಇಪ್ಪತ್ತು ನಿಮಿಷದಲ್ಲಿ ಬೇಡ ಅಂದಿದ್ದೆ. ಅವಳ ಹೆಸರು ಆಗಲೇ ಮರೆತುಹೋಗಿತ್ತು.

ಮನೆಗೆ ಹೋಗುವಾಗ ಒಂದು ಕೆಂಪು ಪೆನ್ನು ಕೊಂಡೆ. ವರ್ಷವಾಯಿತು, ಅದರ ಕ್ಯಾಪು ತೆಗೆದಿಲ್ಲ. ನಾನು ಬೇಡ ಅಂದವರು ಆಮೇಲೆ ಏನಾದರೆಂದು ಹುಡುಕಲು ಹೋಗಿಲ್ಲ. ಹಾಗಾಗಿ ನನ್ನ ಲೆಕ್ಕದಲ್ಲಿ ನಾನಿನ್ನೂ ಒಂದು ತಪ್ಪೂ ಮಾಡಿಲ್ಲ.