ನಾನು ಹುಟ್ಟಿಸಿದ ಗೂಢಚಾರ

ಮೊನ್ನೆ ನೆರೆಮನೆಯ ಶಿವಣ್ಣ ಫೋನಿನಲ್ಲಿ ಒಂದು ವಿಡಿಯೋ ತೋರಿಸಿದ. ಯಾವುದೋ ಊರಿನ ಚಿತ್ರ, ಅದರ ಮೇಲೆ ಯಾರದೋ ಏರುದನಿ: "ಹೊರಗಿನವರು ಬಂದಿದ್ದಾರೆ, ಎಚ್ಚರ!" ಕೇಳಿ ನನ್ನ ಕಿವಿ ಬಿಸಿಯಾಯಿತು. ಆ ಕಸುಬು ನನಗೆ ಹೊಸದಲ್ಲ ನೋಡಿ.

ಅರವತ್ತರ ದಶಕದ ಯುದ್ಧದ ದಿನಗಳಲ್ಲಿ ನಾನು ಸರ್ಕಾರಿ ಪ್ರಚಾರದ ವ್ಯಾನಿನಲ್ಲಿದ್ದೆ. ಹುಣಸೂರು, ಪಿರಿಯಾಪಟ್ಟಣದ ಹಳ್ಳಿಗಳಲ್ಲಿ ಪರದೆ ಕಟ್ಟಿ ಯುದ್ಧದ ಚಿತ್ರ ತೋರಿಸುವುದು ನಮ್ಮ ಕೆಲಸ. ಚಿತ್ರ ಮಾತಾಡುತ್ತಿದ್ದುದು ಹಿಂದಿಯಲ್ಲಿ. ಅದರ ದನಿ ತಗ್ಗಿಸಿ, ಮೈಕ್ ಹಿಡಿದು ಕನ್ನಡದಲ್ಲಿ ಹೇಳುವವನು ನಾನು. ನನ್ನ ಹಿಂದಿಯೋ, ಹೈಸ್ಕೂಲಿನಲ್ಲಿ ಮೇಷ್ಟರ ಕರುಣೆಯಿಂದ ಪಾಸಾದದ್ದು. ತಿಳಿಯದ ಕಡೆ ಸ್ವಂತದ್ದು ಸೇರಿಸುತ್ತಿದ್ದೆ. ಜನ ಚಪ್ಪಾಳೆ ತಟ್ಟುತ್ತಿದ್ದುದೂ ಅಲ್ಲಿಗೇ.

ಹನಗೋಡಿನಲ್ಲಿ ಮಳೆ ಬಿಡುವು ಕೊಟ್ಟ ಒಂದು ಸಂಜೆ, ಪರದೆಯ ಮೇಲೆ ಒಬ್ಬಾತ ತಂತಿ ಸುತ್ತುತ್ತಿದ್ದ. "ಇವನೇ ಗೂಢಚಾರ! ತಂತಿ, ಕಡ್ಡಿ ಹಿಡಿದು ನಿಮ್ಮೂರಿಗೂ ಬಂದಿರಬಹುದು!" ಎಂದು ಗುಡುಗಿದೆ. ಆತ ಟೆಲಿಫೋನ್ ತಂತಿ ಸರಿಮಾಡುತ್ತಿದ್ದ ನಮ್ಮದೇ ಸೈನಿಕನೆಂದು ವ್ಯಾನಿನ ಪ್ರೊಜೆಕ್ಟರ್ ಆಪರೇಟರ್ ಆಮೇಲೆ ಹೇಳಿದ. ಇಬ್ಬರೂ ನಕ್ಕೆವು.

ಬೆಳಿಗ್ಗೆ ನೋಡಿದರೆ ಶಾಲೆಯ ಕಂಬಕ್ಕೆ ಕುಂಞಪ್ಪನನ್ನು ಕಟ್ಟಿದ್ದರು. ಪ್ರತಿ ಮಳೆಗಾಲ ಕೇರಳದಿಂದ ಬಂದು ಅದೇ ಜನರ ಛತ್ರಿ ರಿಪೇರಿ ಮಾಡುತ್ತಿದ್ದವನು. ತುಟಿ ಒಡೆದಿತ್ತು. ಛತ್ರಿ ಕಡ್ಡಿಗಳು ಕೆಸರಿನಲ್ಲಿ ಬಿದ್ದಿದ್ದವು.

"ವೈರ್‌ಲೆಸ್ಸು ಸಿಕ್ತು ಕಣ್ರೀ ಸಾರ್! ನೀವ್ ಏಳ್ದಂಗೇ ಅದೆ!" ಎಂದನೊಬ್ಬ.

"ಸಾರೇ, ನೀವು ಹೇಳಿ, ಇದು ಛತ್ರಿಯಲ್ಲವಾ?" ಕುಂಞಪ್ಪ ನನ್ನನ್ನೇ ನೋಡಿದ.

ನಿನ್ನೆ ನಾನು ಹೇಳಿದ್ದು ಸುಳ್ಳು ಎಂದಿದ್ದರೆ ಹಗ್ಗ ಬಿಚ್ಚುತ್ತಿದ್ದರು. ಆದರೆ ಅಷ್ಟು ಜನರ ಮೆಚ್ಚುಗೆ ಕಳೆದುಕೊಳ್ಳಲು ಮನಸ್ಸಾಗಲಿಲ್ಲ. "ಪೊಲೀಸರು ವಿಚಾರಿಸಲಿ" ಎಂದು ಗಂಭೀರವಾಗಿ ನುಡಿದು ವ್ಯಾನು ಹತ್ತಿದೆ. ಪೊಲೀಸರು ಸಂಜೆಗೇ ಬಿಟ್ಟರಂತೆ. ಅವನು ಮತ್ತೆಂದೂ ಆ ಕಡೆ ಬರಲಿಲ್ಲ. ದೇಶ ಉಳಿಸಿದ ಹನಗೋಡಿನವರು ಸೋರುವ ಛತ್ರಿಯಲ್ಲೇ ಮಳೆಗಾಲ ಕಳೆದರು.

ಇದನ್ನೆಲ್ಲ ಮೊನ್ನೆ, ಮೊದಲ ಸಲ ಬಾಯಿಬಿಟ್ಟು, ಶಿವಣ್ಣನಿಗೆ ಹೇಳಿದೆ. ಅವನು ಹನಗೋಡಿನವನೇ. ನಕ್ಕುಬಿಟ್ಟ.

"ನಿಮ್ಗೆ ವಯಸ್ಸಾಯ್ತು, ಬುಡಿ ಸಾರ್. ಅವ್ನು ನಿಜ್ವಾಗ್ಲೂ ಗೂಢಚಾರನೇ. ಕಡ್ಡಿ ಇಡ್ಕಂಡು ಮಾತಾಡ್ತಿದ್ದುದ್ನ ನಮ್ಮಪ್ಪ ಕಣ್ಣಾರೆ ನೋಡಿತ್ತು."

"ಇಲ್ಲ ಕಣಪ್ಪ, ಅದು ನಾನು ಕಟ್ಟಿದ ಕತೆ" ಎಂದೆ. ಅವನು ತಲೆಯಾಡಿಸುತ್ತ ಎದ್ದುಹೋದ.

ನಾಳೆ ಬಸ್ಸು ಹತ್ತಿ ಹನಗೋಡಿಗೇ ಹೋಗಿ ಹೇಳಬೇಕೆಂದಿದ್ದೇನೆ. ನಂಬುವವರು ಸಿಗುವುದು ಕಷ್ಟ. ಅಂದು ಅಷ್ಟು ಚೆನ್ನಾಗಿ ಹೇಳಿದ್ದೆ.