ತಗಡಿಗೊಂದು ದೃಷ್ಟಿಬೊಟ್ಟು

ಜುಲೈ ತಿಂಗಳಾದರೂ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸ್ವೆಟರು ಹಾಕಿಕೊಂಡೇ ರೈಲು ಹತ್ತಿದೆ. ಸ್ಯಾನ್ ಹೋಸೆಯಲ್ಲಿ ಇಳಿದಾಗ ಅದು ನನ್ನ ಸೊಂಟದಲ್ಲಿತ್ತು. ಜೊತೆಗೆ ಮೈಸೂರಿನ ನಸ್ರೀನಕ್ಕ. ಉಪಗ್ರಹದ ಚಿತ್ರ ನೋಡಿ ನೆಲದ ಬಿಸಿ ಅಳೆಯುವುದು ಅವಳ ಕೆಲಸ, ನಕ್ಷೆಗೆ ಬಣ್ಣ ತುಂಬುವುದು ನನ್ನದು. ರೈಲಿನ ಅನೌನ್ಸ್‌ಮೆಂಟನ್ನು ಅವಳದೇ ದನಿಯಲ್ಲಿ ಮಿಮಿಕ್ರಿ ಮಾಡಿ ತೋರಿಸಿದೆ. ಅವಳು ನಗಲಿಲ್ಲ.

ಕಾರಣವಿತ್ತು. ಮಂಡ್ಯ ಕಡೆಯ ಭಾಗ್ಯಕ್ಕ ಇಲ್ಲಿ ನಡೆಸುವ ಮಕ್ಕಳ ಡೇಕೇರು ಗೋಡೌನುಗಳ ಮಗ್ಗುಲಲ್ಲಿದೆ. ಬಿಸಿ ಜಾಗಗಳಿಗೆ ಸರ್ಕಾರ ಮರ ನೆಟ್ಟುಕೊಡುತ್ತದೆ. ಇವರ ಅರ್ಜಿ ಮಾತ್ರ ವಾಪಸ್ಸು ಬಂದಿತ್ತು, ನಮ್ಮ ನಕ್ಷೆಯಲ್ಲಿ ಆ ಜಾಗ ತಂಪು ಅಂತ. ಮರ ಸಿಗುವ ಜಾಗಗಳ ಪಟ್ಟಿ ಮುಚ್ಚಲು ಎರಡೇ ದಿನ ಉಳಿದಿತ್ತು.

ಬಸ್ಸಿಳಿದು ಹತ್ತು ನಿಮಿಷ ನಡೆಯುವಷ್ಟರಲ್ಲಿ ನೆತ್ತಿ ಕಾದಿತ್ತು. ಭಾಗ್ಯಕ್ಕ ಮಜ್ಜಿಗೆ ಕೊಟ್ಟು ಶುರು ಮಾಡಿದರು. "ಅಲ್ ಕಣವ್ವ, ನಿನ್ ಮ್ಯಾಪಲ್ಲಿ ನಾವು ನೀಲಿಯಂತೆ! ಯಾವ್ ಸೀಮೆ ತಂಪವ್ವ ಇದು? ಮಕ್ಳು ಹೊರಗ್ ಕಾಲಿಡಂಗಿಲ್ಲ."

ನಸ್ರೀನಕ್ಕ ಗೋಡೌನಿನ ಸೂರಿನಿಂದ ಕೈಗೆಟುಕುವಷ್ಟು ಇಳಿದಿದ್ದ ತಗಡಿಗೆ ಥರ್ಮಾಮೀಟರು ಗುರಿಯಿಟ್ಟಳು. ಮುಟ್ಟದೆಯೇ ಬಿಸಿ ಹೇಳುವ ಯಂತ್ರ ಅದು, ಉಪಗ್ರಹದ ಮರಿ ಅನ್ನಿ. ಅದೂ ತಂಪು ಅಂದಿತು.

"ನೋಡಿ!" ಅಂದೆ, ಭಾರೀ ವಿಜ್ಞಾನಿಯ ಹಾಗೆ.

"ಹಂಗಾರೆ ಮುಟ್ಟಪ್ಪ," ಅಂದರು ಭಾಗ್ಯಕ್ಕ.

ಮುಟ್ಟಿದೆ. ಆಮೇಲೆ ನಾನು ಹೊರಡಿಸಿದ ಸದ್ದು ಯಾರ ಮಿಮಿಕ್ರಿಯೂ ಅಲ್ಲ. ಕಿಟಕಿಯಲ್ಲಿ ನೋಡುತ್ತಿದ್ದ ಮಕ್ಕಳು "ಡು ಇಟ್ ಅಗೇನ್!" ಅಂತ ಕುಣಿದರು.

ನಸ್ರೀನಕ್ಕ ತಗಡಿಗೆ ಕಪ್ಪು ಟೇಪಿನ ತುಂಡೊಂದನ್ನು ಅಂಟಿಸಿದಳು.

"ದೃಷ್ಟಿಬೊಟ್ಟಾ?" ಅಂದರು ಭಾಗ್ಯಕ್ಕ.

ಟೇಪೂ ತಗಡಿನಷ್ಟೇ ಕಾದ ಮೇಲೆ ಬೊಟ್ಟಿಗೇ ಗುರಿಯಿಟ್ಟಾಗ ಅಂಕಿ ಮೇಲಕ್ಕೆ ಜಿಗಿಯಿತು. "ಹೊಳೆಯೋ ತಗಡು ಎಷ್ಟೇ ಕಾದರೂ ಬಿಸೀನ ಹೊರಗೆ ಸೂಸೋದು ಕಡಿಮೆ," ಅಂದಳು ನಸ್ರೀನಕ್ಕ. "ಮೇಲಿಂದ ನೋಡಿದ್ರೆ ತಣ್ಣಗಿದ್ದ ಹಾಗೇ ಕಾಣುತ್ತೆ. ಕಪ್ಪು ಟೇಪು ಹಾಗಲ್ಲ, ಕಾದಷ್ಟನ್ನೂ ಸೂಸುತ್ತೆ. ಯಾವ ನೆಲ ಎಷ್ಟು ಸೂಸುತ್ತೆ ಅಂತ ಚಿತ್ರದ ಹಸಿರು ನೋಡಿ ಅಂದಾಜು ಮಾಡಿದ್ದೆ. ಹಸಿರಿಲ್ಲದ ಕಡೆ ಮಣ್ಣು, ಸಿಮೆಂಟು, ತಗಡು ಎಲ್ಲಕ್ಕೂ ಒಂದೇ ಲೆಕ್ಕ ಹಾಕ್ಬಿಟ್ಟೆ. ತಪ್ಪು ನಂದೇ, ಅಕ್ಕ."

ಅಲ್ಲೇ ಮೆಟ್ಟಿಲ ಮೇಲೆ ಕೂತು, ನಕ್ಷೆ ತಪ್ಪು ಅಂತ ಮರ ಕೊಡುವ ಕಚೇರಿಗೆ ಇಮೇಲು ಬರೆದಳು. ನನ್ನ ಹೆಸರನ್ನೂ ಸೇರಿಸು ಅಂದೆ, ಬಣ್ಣ ತುಂಬಿದ ಕೈ ನನ್ನದಲ್ಲವೇ.

"ಮರ ಕೊಡ್ತಾರಾ?" ಅಂದರು ಭಾಗ್ಯಕ್ಕ.

"ಗೊತ್ತಿಲ್ಲ ಅಕ್ಕ. ತಂಪಿದೆ ಅಂತ ಮಾತ್ರ ಇನ್ನು ಹೇಳೋ ಹಾಗಿಲ್ಲ."

"ಅಷ್ಟ್ ಸಾಕು ಬುಡವ್ವ."

ಬಿಸಿಲು ಇಳಿದ ಮೇಲೆ ಹೊರಟೆವು. ಗೇಟಿನಿಂದ ತಿರುಗಿ ನೋಡಿದರೆ ಭಾಗ್ಯಕ್ಕ ಅಂಗಳದಲ್ಲಿ ಸೀಮೆಸುಣ್ಣದಿಂದ ದೊಡ್ಡದೊಂದು ವೃತ್ತ ಬರೆಯುತ್ತಿದ್ದರು, ಮರ ಬಂದರೆ ಅದರ ನೆರಳು ಎಲ್ಲಿಯವರೆಗೆ ಬೀಳುತ್ತದೆ ಅಂತ ಮಕ್ಕಳಿಗೆ ತೋರಿಸಲು. ಮಕ್ಕಳು ಆಗಲೇ ಅದರೊಳಗೆ ಒತ್ತಿಕೊಂಡು ಕೂತಿದ್ದರು.