ತೂತಿನ ರಟ್ಟು

ಪುಸ್ತಕವಿಲ್ಲದ ಪರೀಕ್ಷೆ ಎಂದರೆ ನಮ್ಮಪ್ಪನಿಗೆ ಕೊನೆಯವರೆಗೂ ನಂಬಿಕೆ ಬರಲಿಲ್ಲ. ಹಸುವಿನ ಹಗ್ಗ ಕೈಯಲ್ಲಿ ಹಿಡಿದುಕೊಂಡೇ ಕೇಳಿದ್ದ, “ಓದೋಕೆ ಪುಸ್ತಕ ಇಲ್ಲ ಅಂತೀಯ, ಟ್ಯೂಷನ್ ಇಲ್ಲ ಅಂತೀಯ. ಮತ್ತೆ ಅವರು ಕೇಳೋದಾದ್ರೂ ಏನನ್ನ?”

“ತಲೆ ಓಡುತ್ತಾ ಇಲ್ವಾ ಅಂತ ನೋಡ್ತಾರಪ್ಪ.”

“ನಿನ್ ತಲೆ ಓಡೋದು ನಂಗೊತ್ತಿಲ್ವಾ? ನಾನೇ ಬರ್ಕೊಡ್ತೀನಿ ಬಿಡು” ಎಂದ. ಹೆಬ್ಬೆಟ್ಟು ಒತ್ತುವುದು ಬಿಟ್ಟರೆ ಅಪ್ಪನಿಗೆ ಬರವಣಿಗೆ ಗೊತ್ತಿರಲಿಲ್ಲ. ಬೇರೆ ದಿನವಾಗಿದ್ದರೆ ನಕ್ಕುಬಿಡುತ್ತಿದ್ದೆ. ಅವತ್ತು ನಗು ಬರಲಿಲ್ಲ.

ಎಂಬತ್ತರ ದಶಕದ ಆರಂಭ ಅದು. ನನಗೆ ಇಪ್ಪತ್ತಾರು. ಯಡಿಯೂರಿನಲ್ಲಿ ನಮ್ಮದು ಹಳೇ ಒಕ್ಕಲು ಮನೆ. ಹೊಲವೆಲ್ಲ ಬಡಾವಣೆಗೆ ಹೋಗಿ, ಉಳಿದಿದ್ದು ನಾಲ್ಕು ಹಸು, ಬಾಡಿಗೆಗೆ ಕೊಟ್ಟ ಮೂರು ಸಣ್ಣ ಮನೆ. ಎಸ್ಸೆಸ್ಸೆಲ್ಸಿಯನ್ನು ನಾನು ಫಸ್ಟ್ ಕ್ಲಾಸಿನಲ್ಲಿ ಪಾಸು ಮಾಡಿದ ಬೇಸಿಗೆಯಲ್ಲೇ ಅಮ್ಮ ತೀರಿಕೊಂಡಳು. ಇಬ್ಬರು ಚಿಕ್ಕ ತಮ್ಮಂದಿರು, ಹಸುಗಳು, ಒಲೆ. ಕಾಲೇಜಿನ ಮಾತನ್ನು ಯಾರೂ ಎತ್ತಲಿಲ್ಲ. ನಾನು ಎತ್ತಿದೆ, ಬೈಸಿಕೊಂಡೆ, ಸುಮ್ಮನಾದೆ. ತಮ್ಮಂದಿರು ಬೆಳೆದ ಮೇಲೆ ಬನಶಂಕರಿಯ ಒಂದು ರೆಡಿಮೇಡ್ ಬಟ್ಟೆ ಕಾರ್ಖಾನೆಗೆ ಸೇರಿದೆ.

ಆಗ ಬಂತು ಗಿರಿನಗರದ ಸಂಬಂಧ. ನಲವತ್ತು ದಾಟಿದ ಗಂಡು, ಹೆಂಡತಿ ಸತ್ತು ಒಂದು ವರ್ಷ, ಇಬ್ಬರು ಮಕ್ಕಳು, ಎಂಟು ಬಾಡಿಗೆ ಮನೆ. ಆಸಾಮಿ ಕೆಟ್ಟವನೆಂದು ಯಾರೂ ಹೇಳಲಿಲ್ಲ, ನಾನೂ ಹೇಳುವುದಿಲ್ಲ. ಆದರೆ ಒಂದು ಮನೆಯ ಮಕ್ಕಳನ್ನು ಸಾಕಿ ಈಗಷ್ಟೇ ಕೈ ತೊಳೆದುಕೊಂಡಿದ್ದೆ. ಇನ್ನೊಂದು ಮನೆಯ ಮಕ್ಕಳು ಕಾಯುತ್ತಿದ್ದರು!

ಅದೇ ತಿಂಗಳು ಜಯನಗರದ ಲೈಬ್ರರಿಯಲ್ಲಿ ಪೇಪರ್ ಓದುತ್ತಿದ್ದಾಗ ಆ ಪ್ರಕಟಣೆ ಕಣ್ಣಿಗೆ ಬಿತ್ತು. ವಯಸ್ಸು ಮೀರಿದವರು, ಪಿಯುಸಿ ಓದದವರು ಒಂದು ಆಪ್ಟಿಟ್ಯೂಡ್ ಟೆಸ್ಟ್ ಪಾಸು ಮಾಡಿದರೆ ವಿಶ್ವವಿದ್ಯಾಲಯದವರು ನೇರವಾಗಿ ಬಿ.ಎ.ಗೆ ಸೇರಿಸಿಕೊಳ್ಳುತ್ತಾರೆ, ಪಾಠಗಳು ಅಂಚೆಯಲ್ಲಿ ಮನೆಗೇ ಬರುತ್ತವೆ. ಮೂರು ಸಲ ಓದಿದೆ. ಪಕ್ಕದಲ್ಲಿ ಕೂತಿದ್ದ ಮುದುಕರು “ಏನಮ್ಮ, ಲಾಟರಿ ಹೊಡೀತಾ?” ಎಂದರು.

ಮನೆಯಲ್ಲಿ ಮೂರು ದಿನ ಜಗಳವಾಯಿತು. ನಾನು ಊಟ ಬಿಟ್ಟೆ. ಹಾಲು ಕರೆಯುವುದನ್ನೂ ಬಿಟ್ಟೆ. ಅಪ್ಪ ಸೋತಿದ್ದು ಎರಡನೆಯದಕ್ಕೇ ಇರಬೇಕು. ಮೂರನೆಯ ದಿನ ಸಂಜೆ ಬಾಗಿಲಲ್ಲಿ ನಿಂತು ಹೇಳಿದ, “ಆ ಲಿಸ್ಟಲ್ಲಿ ನಿನ್ ನಂಬರ್ ಬಂದ್ರೆ ನಾನೇ ಗಿರಿನಗರಕ್ಕೆ ಹೋಗಿ ಬೇಡ ಅಂತ ಹೇಳ್ಬರ್ತೀನಿ. ಬರ್ಲಿಲ್ವಾ, ಬಾಯಿ ಮುಚ್ಕೊಂಡು ಹಸೆಮಣೆ ಮೇಲೆ ಕೂತ್ಕೋಬೇಕು. ಒಪ್ಪಿಗೇನಾ?”

ಒಪ್ಪಿಗೆ ಎಂದೆ. ಪಾಸಾಗುತ್ತೇನೆಂದು ಅಷ್ಟು ಧೈರ್ಯವಿತ್ತು ನನಗೆ.

ಇಲ್ಲಿ ಕಾರ್ಖಾನೆಯಲ್ಲಿ ನನ್ನ ಕೆಲಸ ಏನೆಂದು ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದು ಯಾರಿಗೂ ಅರ್ಥವಾಗುವುದಿಲ್ಲ. ನಾನು ಇದ್ದದ್ದು ಚೆಕಿಂಗ್ ಟೇಬಲ್ಲಿನಲ್ಲಿ. ಹೊಲಿದ ಅಂಗಿಗಳು ರಾಶಿ ರಾಶಿ ಬರುತ್ತಿದ್ದವು. ಕಾಲರ್ ಓರೆಯಾಗಿದ್ದರೆ, ಹೊಲಿಗೆ ಬಿಟ್ಟಿದ್ದರೆ, ಗುಂಡಿ ತಪ್ಪಿದ್ದರೆ, ಆ ಜಾಗಕ್ಕೆ ಚಾಕ್‌ಪೀಸಿನಿಂದ ಅಡ್ಡ ಗೀಟು ಹಾಕಿ ಎಡಕ್ಕೆ ಎಸೆಯಬೇಕು. ಚೆನ್ನಾಗಿದ್ದರೆ ಬಲಕ್ಕೆ. ಒಳ್ಳೆಯ ಪೀಸಿಗೆ ಅಪ್ಪಿತಪ್ಪಿ ಚಾಕ್‌ಪೀಸ್ ತಗುಲಿದರೂ ಸೂಪರ್‌ವೈಸರ್ ಅಮ್ಮ ಕಿರುಚುತ್ತಿದ್ದರು, “ಕೆಟ್ಟಿದ್ದಕ್ಕೆ ಮಾತ್ರ ಗುರ್ತು! ಒಳ್ಳೇದನ್ನ ಮುಟ್ಬೇಡ್ರೇ!” ಐದು ವರ್ಷ, ದಿನಕ್ಕೆ ನೂರಾರು ಅಂಗಿ. ಕೊನೆಕೊನೆಗೆ ನಾನು ಯೋಚಿಸುತ್ತಲೇ ಇರಲಿಲ್ಲ. ಕಣ್ಣು ತಪ್ಪನ್ನು ಹಿಡಿಯುತ್ತಿತ್ತು, ಕೈ ಗೀಟು ಹಾಕುತ್ತಿತ್ತು.

ಪರೀಕ್ಷೆ ನಡೆದದ್ದು ಜಯನಗರದ ಒಂದು ಹೈಸ್ಕೂಲಿನಲ್ಲಿ. ಅರವತ್ತು ಪ್ರಶ್ನೆ, ಒಂದೊಂದಕ್ಕೂ ನಾಲ್ಕು ಉತ್ತರ. ಉತ್ತರ ಬರೆಯಲು ಬೇರೆ ಹಾಳೆ. ಅದರಲ್ಲಿ ಪ್ರಶ್ನೆಗೆ ನಾಲ್ಕು ಚೌಕ, ಬೇಕಾದ ಚೌಕದಲ್ಲಿ ಇಂಕಿನಿಂದ ಅಡ್ಡ ಗೀಟು ಹಾಕಬೇಕು. ಮೊದಲ ಹದಿನೈದು ಪ್ರಶ್ನೆಗಳು ‘ಗುಂಪಿಗೆ ಸೇರದ್ದನ್ನು ಗುರುತಿಸಿ’ ಎಂಬ ತರಹದವು. ಗುಲಾಬಿ, ಮಲ್ಲಿಗೆ, ಬದನೆ, ಸಂಪಿಗೆ. ಅಯ್ಯೋ, ಇದು ನನ್ನ ದಿನನಿತ್ಯದ ಕೆಲಸವಲ್ಲವೇ ಎನಿಸಿತು. ಸೇರದ್ದಕ್ಕೆ ಗೀಟು, ಮುಂದೆ. ಸೇರದ್ದಕ್ಕೆ ಗೀಟು, ಮುಂದೆ. ಕೈಗೆ ವೇಗ ಬಂತು. ಭಯವೆಲ್ಲ ಹೋಗಿ ಖುಷಿಯೇ ಆಗಿಬಿಟ್ಟಿತು.

ಹದಿನಾರನೆಯದರಿಂದ ಲೆಕ್ಕ, ನಕ್ಷೆ, ಮಾತಿನ ಅರ್ಥ. ಅಲ್ಲಿ ಸರಿಯಾದದ್ದಕ್ಕೆ ಗೀಟು ಹಾಕಬೇಕಿತ್ತು. ಓದಿದ್ದೆ, ಕಣ್ಣಾರೆ ಓದಿದ್ದೆ. ಆದರೆ ಕೈ ತನ್ನ ದಾರಿಯಲ್ಲಿ ಹೊರಟುಹೋಗಿತ್ತು. ಇದು ತಪ್ಪು, ಗೀಟು. ಇದೂ ತಪ್ಪು, ಗೀಟು. ಇದೂ. ಉಳಿದದ್ದು ಸರಿ, ಅದನ್ನು ಮುಟ್ಟಬಾರದು.

ಐವತ್ತೆರಡನೆಯ ಪ್ರಶ್ನೆ ಮುಗಿಸಿ ಬೆರಳಿನ ನೆಟಿಗೆ ಮುರಿಯಲು ತಲೆಯೆತ್ತಿದಾಗ ಪಕ್ಕದ ಸಾಲಿನವರ ಹಾಳೆ ಕಾಣಿಸಿತು. ಸಾಲಿಗೆ ಒಂದೇ ಗೀಟು. ನನ್ನದರಲ್ಲಿ ಸಾಲಿಗೆ ಮೂರು.

ಎದ್ದು ನಿಂತೆ. ಕೊಠಡಿ ಕಾಯುತ್ತಿದ್ದ ಮೇಷ್ಟರು ಬಂದರು.

“ಸಾರ್, ಇನ್ನೊಂದು ಹಾಳೆ ಕೊಡಿ ಸಾರ್. ತಪ್ಪಾಗ್ಹೋಯ್ತು.”

“ಒಬ್ಬರಿಗೆ ಒಂದೇ ಹಾಳೆ ಅಮ್ಮ. ಕೂತ್ಕೊಳ್ಳಿ.”

“ಉತ್ತರ ಎಲ್ಲಾ ಗೊತ್ತು ಸಾರ್, ತಪ್ಪಾಗಿರೋದಕ್ಕೆ ಗೀಟು ಹಾಕ್ಬಿಟ್ಟಿದೀನಿ. ಖಾಲಿ ಬಿಟ್ಟಿರೋದೇ ನನ್ನ ಉತ್ತರ.”

ಅವರು ನನ್ನನ್ನು ಹುಚ್ಚಿ ಎಂದುಕೊಂಡರೇನೋ. “ತಪ್ಪಿಗೆ ಯಾರಮ್ಮ ಗೀಟು ಹಾಕ್ತಾರೆ?” ಎಂದರು. ಕೈ ಮುಗಿದೆ. ಅತ್ತೆ. ಎಲ್ಲರೂ ತಿರುಗಿ ನೋಡಿದರು. ಕೊನೆಗೆ ಹಾಳೆಯ ಕೆಳಗೆ ಸಣ್ಣ ಅಕ್ಷರದಲ್ಲಿ ‘ಹದಿನಾರರಿಂದ ಐವತ್ತೆರಡರವರೆಗೆ ಗೀಟು ಇಲ್ಲದ್ದೇ ನನ್ನ ಉತ್ತರ, ದಯವಿಟ್ಟು ನೋಡಿ’ ಎಂದು ಬರೆದೆ. ಇಷ್ಟರಲ್ಲಿ ಹೊತ್ತು ಮುಗಿಯುತ್ತ ಬಂದಿತ್ತು. ಉಳಿದ ಎಂಟರಲ್ಲಿ ನಾಲ್ಕಕ್ಕೆ ಮಾತ್ರ ಉತ್ತರ ಹಾಕಿದೆ. ಗಂಟೆ ಹೊಡೆಯಿತು.

ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಆ ಸಣ್ಣ ಅಕ್ಷರಗಳನ್ನು ಯಾರಾದರೂ ಪುಣ್ಯಾತ್ಮರು ಓದಿಯಾರು ಎಂದು ಆರು ವಾರ ಕಂಡಕಂಡ ದೇವರಿಗೆ ಹರಕೆ ಹೊತ್ತೆ.

ಲಿಸ್ಟಿನಲ್ಲಿ ನನ್ನ ನಂಬರ್ ಇರಲಿಲ್ಲ. ಆಗ ಅಪ್ಪನಿಗೆ ಎಲ್ಲ ಹೇಳಿದೆ. ಅವನಿಗೆ ಅರ್ಧ ಅರ್ಥವಾಯಿತೋ ಇಲ್ಲವೋ, “ನಡಿ, ಆಫೀಸಲ್ಲಿ ಕೇಳೋಣ” ಎಂದು ಅಂಗಿ ಹಾಕಿಕೊಂಡ. ನನಗೆ ಅಷ್ಟು ಆಸೆ ಹುಟ್ಟಿದ್ದು ಆ ಒಂದು ಮಾತಿಗೆ.

ಪರೀಕ್ಷಾ ವಿಭಾಗದ ಗುಮಾಸ್ತರು ಹಾಳೆ ತೋರಿಸುವ ಹಾಗಿಲ್ಲ ಎಂದರು. ಅಪ್ಪ ಅಲುಗಾಡಲಿಲ್ಲ. “ಸ್ವಾಮಿ, ಹುಡುಗಿ ಬದುಕಿನ ವಿಷ್ಯ” ಎಂದು ಮಧ್ಯಾಹ್ನದವರೆಗೂ ಅವರ ಮೇಜಿನ ಮುಂದೆ ನಿಂತೇ ಇದ್ದ. ಕೊನೆಗೆ ಗುಮಾಸ್ತರು ಗೊಣಗುತ್ತ ಕಟ್ಟು ಬಿಚ್ಚಿ ನನ್ನ ಹಾಳೆ ತೆಗೆದರು. ಅದರ ಮೇಲೆ ಒಂದು ರಟ್ಟನ್ನಿಟ್ಟರು. ಸರಿ ಉತ್ತರ ಎಲ್ಲೆಲ್ಲಿದೆಯೋ ಅಲ್ಲಲ್ಲಿ ರಟ್ಟಿಗೆ ತೂತು ಕೊರೆದಿದ್ದರು. ತೂತಿನಲ್ಲಿ ಗೀಟು ಕಂಡರೆ ಒಂದು ಅಂಕ. ಅಷ್ಟೇ ಅವರ ಲೆಕ್ಕ. ಕೆಳಗೆ ನಾನು ಬರೆದ ಸಾಲು ರಟ್ಟಿನಡಿ ಮುಚ್ಚಿಹೋಗಿತ್ತು.

“ನೋಡಿ, ಹದಿನೈದು ಇಲ್ಲಿ, ಮಧ್ಯ ಒಂದು, ನಾಲ್ಕು ಅಲ್ಲಿ. ಇಪ್ಪತ್ತು. ಇಪ್ಪತ್ತೊಂದು ಬೇಕಿತ್ತು.”

ಅಪ್ಪ ಬಗ್ಗಿ ನೋಡಿದ. “ಮಧ್ಯದಲ್ಲಿ ಇವೆಲ್ಲಾ ಬೆಳ್ಳಗೈತಲ್ಲ ಸ್ವಾಮಿ?”

ಗುಮಾಸ್ತರು ರಟ್ಟನ್ನು ಎತ್ತಿದರು. ನನ್ನ ಸಾಲನ್ನು ಓದಿದರು. ಮತ್ತೆ ರಟ್ಟನ್ನಿಟ್ಟು ಒಂದೊಂದೇ ತೂತಿನ ಮೇಲೆ ಬೆರಳಿಟ್ಟುಕೊಂಡು ಹೋದರು. ಖಾಲಿ, ಖಾಲಿ, ಖಾಲಿ. ನಲವತ್ತೊಂದನೆಯ ತೂತಿನಲ್ಲಿ ಮಾತ್ರ ಒಂದು ಗೀಟು ಇತ್ತು. ನಾನು ಸರಿ ಉತ್ತರವನ್ನೇ ತಪ್ಪೆಂದುಕೊಂಡಿದ್ದು ಅದೊಂದೇ. ಅವರ ದನಿ ಬದಲಾಯಿತು. “ಅಯ್ಯೋ ತಾಯಿ, ಒಂದು ಬಿಟ್ಟು ಎಲ್ಲಾ ಗೊತ್ತಿತ್ತಲ್ಲಮ್ಮ ನಿಂಗೆ!”

“ಹಾಗಾದ್ರೆ ಕೊಡಿ ಸಾರ್.”

“ಹೇಗಮ್ಮ ಕೊಡ್ಲಿ? ನಾನು ಗೀಟು ಎಣಿಸ್ಬೇಕು. ಇಲ್ಲದ್ದನ್ನ ಎಣಿಸೋಕಾಗುತ್ತಾ? ಮುಂದಿನ ವರ್ಷ ಬರೀರಿ.” ಆಮೇಲೆ, ಒಳ್ಳೆಯ ಮನಸ್ಸಿನಿಂದಲೇ, ನನ್ನ ಎದೆಗೆ ಚೂರಿ ಹಾಕಿದರು. “ಕೊನೇ ನಾಲ್ಕನ್ನ ಯಾಕಮ್ಮ ಬಿಟ್ರಿ? ಅವಿದ್ದಿದ್ರೆ ಪಾಸಾಗ್ತಿದ್ರಿ.”

ಅತ್ತು ಬೇಡಿಕೊಂಡು ಕಳೆದ ಆ ಹತ್ತು ನಿಮಿಷ! ಸುಮ್ಮನೆ ಕೂತು ಬರೆದಿದ್ದರೆ ಸಾಕಿತ್ತು. ಅಲ್ಲೇ ಗೋಡೆಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು.

ಬಸ್ಸಿನಲ್ಲಿ ಅಪ್ಪನ ಕೈ ಹಿಡಿದುಕೊಂಡೆ. “ಅಪ್ಪ, ಒಂದು ವರ್ಷ. ಒಂದೇ ಒಂದು ವರ್ಷ ತಡಿ. ಬರ್ದು ತೋರಿಸ್ತೀನಿ. ಗೊತ್ತಿತ್ತು ಅಂತ ನೀನೇ ನೋಡ್ದಲ್ಲ.”

“ನೋಡ್ದೆ ಕಣವ್ವ.” ಅಪ್ಪ ಕಿಟಕಿಯ ಹೊರಗೆ ನೋಡುತ್ತಿದ್ದ. “ಗಿರಿನಗರದವರು ವರ್ಷ ಕಾಯಲ್ಲ. ಎರಡ್ ಸಲ ಹೇಳಿ ಕಳಿಸಿದಾರೆ.”

“ನೀನು ನನಗೂ ಮಾತು ಕೊಟ್ಟಿದ್ದೆಯಲ್ಲ.”

“ನಂಬರ್ ಬಂದ್ರೆ ಅಂತ ಕೊಟ್ಟಿದ್ದೆ” ಎಂದ. ಯಡಿಯೂರಿನಲ್ಲಿ ಇಳಿದು ಮನೆಗೆ ನಡೆದೆವು. ಅವತ್ತು ಕೆರೆಗೆ ಹಾರಿಬಿಡಲೇ ಎಂದು ನಿಜವಾಗಿಯೂ ಯೋಚಿಸಿದೆ. ಹಸುಗಳು ಕೂಗುತ್ತಿದ್ದವು. ಹೋಗಿ ಹಾಲು ಕರೆದೆ.

ಮುಂದಿನ ಭಾನುವಾರ ಗಿರಿನಗರದವರು ಬಂದರು. ಗಂಡಿನ ತಾಯಿ ಚಾಪೆಯ ಮೇಲೆ ಕೂತು ನನ್ನನ್ನು ಮೇಲಿಂದ ಕೆಳಗೆ ನೋಡಿ ಕೇಳಿದರು, “ಹುಡುಗಿ ಎಷ್ಟು ಓದಿದಾಳೆ?”

“ಎಸ್ಸೆಸ್ಸೆಲ್ಸಿ” ಎಂದೆ.

ಅಪ್ಪನಿಗೆ ತಡೆಯಲಾಗಲಿಲ್ಲ. ಕೂತಲ್ಲಿಂದ ಮುಂದಕ್ಕೆ ಜರುಗಿದ. “ಅಷ್ಟೇ ಅಲ್ಲ ಕಣಮ್ಮ. ಯೂನಿವರ್ಸಿಟಿ ಆಫೀಸಲ್ಲಿ ನಾನೇ ಕಣ್ಣಾರೆ ನೋಡಿದೀನಿ. ತೂತಿನ ರಟ್ಟು ಇಟ್ಟು ನೋಡಿದ್ರು. ಎಲ್ಲಾ ಪ್ರಶ್ನೆಗೂ ಉತ್ತರ ಗೊತ್ತು ನಮ್ ಹುಡುಗಿಗೆ. ಒಂದೂ ತಪ್ಪಿಲ್ಲ!”

ಗಾಳಿಯಲ್ಲಿ ಬೆರಳಿನಿಂದ ತೂತುಗಳನ್ನೂ ತೋರಿಸಿದ. ಆ ದನಿಯಲ್ಲಿದ್ದದ್ದು ಅಪ್ಪಟ ಹೆಮ್ಮೆ. ನನ್ನ ಓದನ್ನು ಅಪ್ಪ ನಾಲ್ಕು ಜನರ ಮುಂದೆ ಹೊಗಳಿದ್ದು ಅದೇ ಮೊದಲು.

ಆಕೆ ತಟ್ಟೆಯಿಂದ ಒಂದು ಚಕ್ಕುಲಿ ಮುರಿದುಕೊಂಡು ತಲೆಯಾಡಿಸಿದರು. “ಒಳ್ಳೇದಾಯ್ತು ಬಿಡಿ, ಮಕ್ಕಳಿಗೆ ಮನೇಲೇ ಪಾಠ ಹೇಳ್ಕೊಡ್ತಾಳೆ” ಎಂದರು.